ಆರಡಿ ಹಲಗೆಯ ಮೇಲೆ ನಮ್ಮೂರು, ಮೂರು ಕೆರೆ ಸಮೇತ

ಕೋಲಾರ ಜಿಲ್ಲೆಯ ಒಂದು ಸಣ್ಣ ಊರಿನ ಸರ್ಕಾರಿ ಪ್ರಾಥಮಿಕ ಶಾಲೆ ನಮ್ಮದು. ನಾಲ್ಕು ಮತ್ತು ಐದನೇ ತರಗತಿಯ 24 ಮಕ್ಕಳು ಸೇರಿ ತಮ್ಮ ಊರಿನ ಉಬ್ಬುನಕ್ಷೆ ಕಟ್ಟಿದ್ದಾರೆ. ಹಲಗೆ 6 ಅಡಿ ಉದ್ದ, 4 ಅಡಿ ಅಗಲ. ಬೆಟ್ಟದ ಕಡೆಯಿಂದ ಚೊಂಬಿನಲ್ಲಿ ನೀರು ಸುರಿದರೆ ಅದು ಹಳ್ಳ ಹಿಡಿದು ಮೇಲಿನ ಕೆರೆಗೆ ಬರುತ್ತದೆ, ಕೆರೆ ತುಂಬಿದ ಮೇಲೆ ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಬೀಳುತ್ತದೆ, ಅಲ್ಲಿಂದ ಊರ ಪಕ್ಕದ ದೊಡ್ಡ ಕೆರೆ, ಅದೂ ತುಂಬಿದರೆ ಕೆಳಗಿನ ಕೆರೆ. ತೂಬು (ಕೆರೆ ನೀರು ಬಿಡುವ ಕಂಡಿ) ಎತ್ತಿದರೆ ಕಾಲುವೆಗೆ ನೀರು ಹೋಗುತ್ತದೆ. ಇಷ್ಟೂ ನಿಜವಾಗಿ ಕೆಲಸ ಮಾಡುತ್ತದೆ. ಹೇಗೆ ಕಟ್ಟಿದೆವು ಅಂತ ಬರೆದಿಡುತ್ತಿದ್ದೇನೆ, ಬೇರೆ ಊರಿನ ಮೇಷ್ಟ್ರು, ಮೇಡಂಗಳಿಗೆ ಉಪಯೋಗವಾಗಲಿ ಅಂತ.

ಶುರುವಿನಲ್ಲೇ ಒಂದು ಮಾತು. ಊರಿನ ಮಾದರಿ ಅಂದರೆ ಎಲ್ಲರೂ ಮೊದಲು ಮನೆ, ದೇವಸ್ಥಾನ, ಶಾಲೆ, ಬಸ್‌ಸ್ಟಾಪು ಇಡುತ್ತಾರೆ. ಥರ್ಮಾಕೋಲ್ ಮೇಲೆ ಹಸಿರು ಬಣ್ಣ, ನಾಲ್ಕು ರಟ್ಟಿನ ಮನೆ, ವಸ್ತುಪ್ರದರ್ಶನ ಮುಗಿದ ಮೇಲೆ ಅದು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ನಾವು ಹಾಗೆ ಮಾಡಲಿಲ್ಲ. ನೀರಿನಿಂದ ಶುರು ಮಾಡಿದೆವು. ನಮ್ಮ ಕಡೆ ಊರು ಎಲ್ಲಿದೆ, ಗದ್ದೆ ಎಲ್ಲಿದೆ, ತೋಪು ಎಲ್ಲಿದೆ, ಯಾವ ಬೀದಿಯಲ್ಲಿ ಮಳೆ ನೀರು ನಿಲ್ಲುತ್ತದೆ, ಇದನ್ನೆಲ್ಲ ತೀರ್ಮಾನ ಮಾಡಿದ್ದು ನೀರು. ವರ್ಷಪೂರ್ತಿ ಹರಿಯುವ ಹೊಳೆ ಜಿಲ್ಲೆಯಲ್ಲಿ ಒಂದೂ ಇಲ್ಲ. ವರ್ಷಕ್ಕೆ ಬೀಳುವ ಮಳೆ 700 ರಿಂದ 750 ಮಿಲಿಮೀಟರ್. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ. ಅದನ್ನು ಹಿಡಿದಿಡಲು ಹಳಬರು ಕೆರೆಯ ಕೆಳಗೆ ಕೆರೆ ಕಟ್ಟಿದರು. ಇದು ಗೊತ್ತಾಗದೆ ಮನೆ ಮಾತ್ರ ಜೋಡಿಸಿದರೆ ಮಗುವಿಗೆ ಊರು ಅರ್ಥ ಆಗುವುದಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಮೊದಲು ಕ್ಲಾಸ್‌ರೂಮು

ಊರಿಗೆ ಹೋಗುವ ಮುಂಚೆ ತರಗತಿಯ ಕೋಣೆಯದೇ ನಕ್ಷೆ ಮಾಡಿಸಿದೆ. ಗೇಣಿನಲ್ಲಿ, ಹೆಜ್ಜೆಯಲ್ಲಿ ಅಳೆಯಿರಿ ಅಂದೆ, ಸ್ಕೇಲು ಕೊಡಲಿಲ್ಲ. ಕರಿಹಲಗೆ ಒಬ್ಬನಿಗೆ 14 ಗೇಣು ಬಂತು, ಪಕ್ಕದವಳಿಗೆ 16. ಇಬ್ಬರಿಗೂ ಜಗಳ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೈ ಕೈ ಜೋಡಿಸಿ ನೋಡಿ, "ಸಾರ್, ಎಲ್ಲರೂ ಒಂದೇ ಕೋಲಿನಲ್ಲಿ ಅಳೀಬೇಕು" ಅಂದರು. ಅಳತೆಯ ಪಾಠ ಅಲ್ಲಿಗೆ ಮುಗಿಯಿತು.

ನಕ್ಷೆಯಲ್ಲಿ ಕಿಟಕಿ, ಬಾಗಿಲು, ಹಾಲಿನ ಲೋಟ ಇಡುವ ಮೂಲೆ, ಬಿಸಿಯೂಟಕ್ಕೆ ಸಾಲು ನಿಲ್ಲುವ ಜಾಗ ಎಲ್ಲ ಬಂತು. ಬೆಳಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ಪೂರ್ವ ದಿಕ್ಕು ಹಿಡಿದರು. ಕರಿಹಲಗೆ ಕಾಣುವುದಿಲ್ಲ ಅಂತ ಯಾರು ಯಾರು ಕತ್ತು ತಿರುಗಿಸಿ ಕೂರುತ್ತಾರೆ ಅನ್ನುವುದೂ ಆ ನಕ್ಷೆಯಿಂದಲೇ ಗೊತ್ತಾಯಿತು. ಮಕ್ಕಳೇ ಚರ್ಚೆ ಮಾಡಿ ಕೂರುವ ಜಾಗ ಬದಲಾಯಿಸಿಕೊಂಡರು. ನಕ್ಷೆ ಅಂದರೆ ಸುಮ್ನೆ ಚಿತ್ರ ಅಲ್ಲ, ಅದನ್ನು ನೋಡಿ ಏನಾದರೂ ಬದಲಾಯಿಸಬಹುದು ಅಂತ ಅವರಿಗೆ ಮೊದಲ ಸಲ ಅನ್ನಿಸಿದ್ದು ಆಗ.

33 ಅಡಿ ಹಗ್ಗ

ಊರು ಅಳೆಯಲು ನೈಲಾನ್ ಹಗ್ಗ ತಂದು ಸರಿಯಾಗಿ 33 ಅಡಿಗೆ ಕತ್ತರಿಸಿದೆವು. ನಮ್ಮ ರಾಜ್ಯದ ಜಮೀನು ಸರ್ವೆಯ ಚೈನ್ ಉದ್ದ ಅದೇ, 33 ಅಡಿ, ಅದಕ್ಕೆ 16 ಆಣೆ. ಹಗ್ಗದ ಮೇಲೆ 16 ಸಮಭಾಗ ಮಾಡಿ ಕೆಂಪು ದಾರ ಕಟ್ಟಿದರು. ಒಂದು ಆಣೆ ಅಂದರೆ ಎರಡು ಅಡಿ ಚಿಲ್ಲರೆ.

ಆಟದ ಮೈದಾನದಲ್ಲಿ ಈ ಹಗ್ಗದ ಉದ್ದಕ್ಕೆ ನಾಲ್ಕೂ ಕಡೆ ಚೌಕ ಹಾಕಿಸಿದೆ. ಒಳಗೆ ಎಲ್ಲರೂ ನಿಂತರು. ಅದೇ ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1,089 ಚದರಡಿ, ಅಂಥ 40 ಸೇರಿದರೆ ಒಂದು ಎಕರೆ. ಇವರೆಲ್ಲ ರೈತರ ಮಕ್ಕಳು. ಗುಂಟೆ ಅನ್ನುವ ಮಾತನ್ನು ಮನೆಯಲ್ಲಿ ದಿನಾ ಕೇಳುತ್ತಾರೆ, ಆದರೆ ಅದರೊಳಗೆ ನಿಂತಿದ್ದು ಮೊದಲ ಸಲ. "ಸಾರ್, ನಮ್ಮಪ್ಪ ಹತ್ತು ಗುಂಟೆಗೆ ಟೊಮೆಟೊ ಹಾಕವ್ರೆ, ಹಂಗಂದ್ರೆ ಇಂಥವು ಹತ್ತಾ?" ಅಂತ ಒಬ್ಬ ಕೇಳಿ, ಆ ಬಿಸಿಲಲ್ಲೇ ಹತ್ತು ಚೌಕ ಎಣಿಸಿಕೊಂಡು ಓಡಿದ.

ಆಮೇಲೆ ಮಳೆಯ ಲೆಕ್ಕ. ಒಂದು ಗುಂಟೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಎಷ್ಟು ನೀರು? ಹೆಚ್ಚುಕಡಿಮೆ ಸಾವಿರ ಲೀಟರ್. ಶಾಲೆಯ ಮೇಲಿರುವ ಕಪ್ಪು ಸಿಂಟೆಕ್ಸ್ ಟ್ಯಾಂಕು ಸಾವಿರ ಲೀಟರಿನದೇ. ಮಕ್ಕಳು ಒಮ್ಮೆ ಟ್ಯಾಂಕು ನೋಡಿದರು, ಒಮ್ಮೆ ಹಗ್ಗದ ಚೌಕ ನೋಡಿದರು. ಈ ಲೆಕ್ಕ ಕೊನೆಯವರೆಗೂ ನಮ್ಮ ಜೊತೆ ಬಂತು.

ಗ್ರಾಮನಕ್ಷೆ ಮತ್ತು ಚೌಕಗಳು

ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಊರು ಆರಿಸಿದರೆ ಗ್ರಾಮನಕ್ಷೆಯ ಪಿಡಿಎಫ್ ಸಿಗುತ್ತದೆ. ಸರ್ವೆ ನಂಬರು, ಕೆರೆ, ಕುಂಟೆ (ಸಣ್ಣ ಕೆರೆ), ಹಳ್ಳ, ಬಂಡಿದಾರಿ ಎಲ್ಲ ಅದರಲ್ಲಿದೆ. ನಮ್ಮೂರಿನದು 1:7,920 ಪ್ರಮಾಣದ್ದು, ಅಂದರೆ ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ. ಪ್ರಿಂಟ್ ಹಾಕಿಸುವಾಗ ಹುಷಾರು. ಅಂಗಡಿಯವರು ಕಾಗದಕ್ಕೆ ಹೊಂದಿಸಿ ಚಿಕ್ಕದು ದೊಡ್ಡದು ಮಾಡಿಬಿಡುತ್ತಾರೆ, ಆಗ ಪ್ರಮಾಣ ಕೆಟ್ಟುಹೋಗುತ್ತದೆ. ಎರಡು ಗಟ್ಟಿ ಗುರುತು ಹಿಡಿದು (ನಾವು ಶಾಲೆಯ ಗೇಟಿನಿಂದ ಅಶ್ವತ್ಥಕಟ್ಟೆವರೆಗೆ ಹಿಡಿದೆವು) ಹಗ್ಗದಲ್ಲಿ ಅಳೆದು, ಪ್ರಿಂಟಿನ ಮೇಲೆ ತಾಳೆ ನೋಡಿ.

ಇದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದೆವು. ಆಗ ಹಲಗೆಯ ಒಂದು ಇಂಚಿಗೆ 165 ಅಡಿ, ಅಂದರೆ ಸರಿಯಾಗಿ ಐದು ಹಗ್ಗ. ಮಕ್ಕಳಿಗೆ ಇದಕ್ಕಿಂತ ಸುಲಭದ ಪ್ರಮಾಣ ಸಿಗುವುದು ಕಷ್ಟ. ಪ್ರಿಂಟಿನ ಮೇಲೆ ಒಂದು ಇಂಚಿನ ಚೌಕ, ಹಲಗೆಯ ಮೇಲೆ ನಾಲ್ಕು ಇಂಚಿನ ಚೌಕ. ಒಂದೊಂದು ಚೌಕ ನೆಲದ ಮೇಲೆ 660 ಅಡಿಗೆ 660 ಅಡಿ, ಲೆಕ್ಕ ಹಾಕಿದರೆ ಸರಿಯಾಗಿ ಹತ್ತು ಎಕರೆ! ಹಲಗೆಯ ಮೇಲೆ ಒಟ್ಟು 216 ಚೌಕ. 24 ಮಕ್ಕಳಿಗೆ ತಲಾ 9. ತಮ್ಮ ಮನೆ, ಹೊಲ ಇರುವ ಚೌಕವೇ ಬೇಕು ಅಂತ ಗಲಾಟೆ ಆಯಿತು. ನಾನು ಬೇಕಂತಲೇ ಕೆಲವು ಚೌಕಗಳನ್ನು ಅವರು ಕಾಲೇ ಇಡದ ಕಡೆಯವು ಕೊಟ್ಟೆ. ಊರಿನ ಒಂದು ಬೀದಿಯ ಮಕ್ಕಳು ಇನ್ನೊಂದು ಬೀದಿಗೆ ಹೋಗದೇ ದೊಡ್ಡವರಾಗುವುದು ನಮ್ಮ ಕಡೆ ಇನ್ನೂ ಇದೆ. ಕಾರಣ ಎಲ್ಲರಿಗೂ ಗೊತ್ತು. ಚೌಕದ ನೆಪದಲ್ಲಾದರೂ ಅವರು ಅಲ್ಲಿಗೆ ಹೋಗಿ, ಜಗಲಿ ಮೇಲೆ ಕೂತು, ನೀರು ಕೇಳಿ ಕುಡಿದು ಬಂದರು. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ.

ಹೊಲದಲ್ಲಿ ನಿಂತಾಗ ಯಾವ ಸರ್ವೆ ನಂಬರು ಅಂತ ನೋಡಲು ದಿಶಾಂಕ್ ಆ್ಯಪ್ ಬಳಸಿದೆವು. ಜಾಗದ ಹೆಸರುಗಳನ್ನು ಮಕ್ಕಳು ದೊಡ್ಡವರನ್ನು ಕೇಳಿ ಬರೆದುಕೊಂಡು ಬಂದರು. ಅರ್ಧ ಮಕ್ಕಳ ಮನೆಮಾತು ತೆಲುಗು, ಹಾಗಾಗಿ ಕೆಲವು ಹೆಸರು ತೆಲುಗಿನವು. ಜನ ಹೇಗೆ ಕರೆಯುತ್ತಾರೋ ಹಾಗೇ ಕನ್ನಡ ಅಕ್ಷರದಲ್ಲಿ ಬರೆದರು.

ಎತ್ತರ ಹಿಡಿದದ್ದು

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) 20 ಮೀಟರಿಗೆ ಒಂದು. ಬೆಟ್ಟಕ್ಕೆ ಅದು ಸಾಕು, ಆದರೆ ಕೆರೆ, ಗದ್ದೆ ಇರುವ ಕಡೆ ನೆಲ ನಿಧಾನವಾಗಿ ಇಳಿಯುತ್ತದೆ, ಎರಡು ಗೆರೆಯ ಮಧ್ಯೆ ಅರ್ಧ ಊರೇ ಇರುತ್ತದೆ. ಅದಕ್ಕೆ ಗಾರೆ ಕೆಲಸದವರ ಲೆವೆಲ್ ಪೈಪ್ ತಂದೆವು. ಒಬ್ಬ ಹುಡುಗಿಯ ಅಪ್ಪ ಮೇಸ್ತ್ರಿ, ಅವರೇ ಬಂದು ತೋರಿಸಿದರು.

ಕೆಲಸ ಸುಲಭ. 50 ಅಡಿ ಪಾರದರ್ಶಕ ಪೈಪು, ಒಳಗೆ ಕೆಂಪು ಇಂಕು ಬೆರೆಸಿದ ನೀರು, ಎರಡು ತುದಿಗೆ ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲು. ಒಂದು ತುದಿ ಮೇಲಿನ ಜಾಗದಲ್ಲಿ, ಇನ್ನೊಂದು ಕೆಳಗಿನ ಜಾಗದಲ್ಲಿ. ಪೈಪಿನಲ್ಲಿ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಎರಡು ಕೋಲಿನ ಮೇಲೆ ಕಾಣುವ ಅಂಕಿಗಳನ್ನು ಕಳೆದರೆ ನೆಲದ ಇಳಿಜಾರು ಸಿಕ್ಕಿತು. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪು. ಆದ್ದರಿಂದ ಪ್ರತಿ ಸಲ ಎರಡು ತುದಿಗಳನ್ನೂ ಪಕ್ಕ ಪಕ್ಕ ಹಿಡಿದು, ನೀರು ಸಮ ಇದೆಯಾ ನೋಡಿಕೊಂಡೇ ಮುಂದೆ ಹೋಗಬೇಕು. ಶಾಲೆಯ ಜಗಲಿಯಿಂದ ಶುರು ಮಾಡಿ, ಬೀದಿ ಹಿಡಿದು, ದೊಡ್ಡ ಕೆರೆ ಕೋಡಿವರೆಗೆ, ಅಲ್ಲಿಂದ ಗದ್ದೆ ಬದುವಿನ ಮೇಲೆ ಕೆಳಗಿನ ಕೆರೆವರೆಗೆ. ನಮ್ಮ ಶಾಲಾ ಸಂಸತ್ತಿನ ನೀರಾವರಿ ಮಂತ್ರಿ, ಐದನೇ ಕ್ಲಾಸಿನ ಹುಡುಗಿ, ಲೆಕ್ಕದ ಪುಸ್ತಕ ಹಿಡಿದಿದ್ದಳು. ಅವಳ ಕೈಬರಹದ ಆ ಪುಸ್ತಕ ಈಗಲೂ ಹಲಗೆಯ ಜೊತೆ ಇದೆ.

ಕೆರೆ ಹತ್ತಿರ ಹೋಗುವಾಗ ನಾಲ್ಕೈದು ಪೋಷಕರು ಜೊತೆಗಿದ್ದರು. ಮಕ್ಕಳು ಕೆರೆಯ ಏರಿ (ಕಟ್ಟೆ) ಬಿಟ್ಟು ಕೆಳಗೆ ಇಳಿಯಬಾರದು ಅಂತ ಕಟ್ಟುನಿಟ್ಟು. ನಮ್ಮ ಕೆರೆಗಳ ಒಳಗೆ ಮಣ್ಣು ತೆಗೆದ ಗುಂಡಿಗಳಿವೆ, ಮೇಲೆ ನೀರು ನಿಂತರೆ ಆಳ ಕಾಣುವುದಿಲ್ಲ. ಈ ವಿಷಯದಲ್ಲಿ ಯಾರೂ ಸಡಿಲ ಬಿಡಬೇಡಿ.

ಹಲಗೆ, ರಟ್ಟು, ಮೆಂತ್ಯದ ಹಿಟ್ಟು

12 ಮಿ.ಮೀ. ಪ್ಲೈವುಡ್‌ನ 8 ಅಡಿ, 4 ಅಡಿ ಹಾಳೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಸದಸ್ಯರೊಬ್ಬರು ಕೊಡಿಸಿದರು. ಬಡಗಿಯಿಂದ 6 ಅಡಿಗೆ ಕೊಯ್ಸಿದೆವು. ಉಳಿದ 2 ಅಡಿ ತುಂಡು ಬಿಸಾಡಬೇಡಿ, ಅದರ ಕೆಲಸ ಮುಂದೆ ಇದೆ. ಒದ್ದೆ ಹಿಟ್ಟು ಮೆತ್ತಿದಾಗ ಪ್ಲೈವುಡ್ ಬಾಗುತ್ತದೆ, ಅದಕ್ಕೇ ಹಲಗೆಯ ಕೆಳಗೆ ಒಂದೊಂದು ಅಡಿಗೆ ಒಂದರಂತೆ ಮರದ ರೀಪರ್ (ಪಟ್ಟಿ) ಸ್ಕ್ರೂ ಹಾಕಿ, ಎರಡೂ ಕಡೆ ಪ್ರೈಮರ್ ಬಳಿದ ಮೇಲೆಯೇ ಕೆಲಸ ಶುರು.

ಎತ್ತರಕ್ಕೆ ಕಿರಾಣಿ ಅಂಗಡಿಯ ರಟ್ಟಿನ ಡಬ್ಬ. ನಮಗೆ ಸಿಕ್ಕಿದ ದಪ್ಪ ರಟ್ಟು ಸುಮಾರು 5 ಮಿ.ಮೀ. ಇತ್ತು. ಹಲಗೆಯ ಪ್ರಮಾಣಕ್ಕೇ ಎತ್ತರವನ್ನೂ ಇಟ್ಟರೆ 10 ಮೀಟರ್ ಇಳಿಜಾರು ಬರೀ 5 ಮಿ.ಮೀ. ಆಗುತ್ತದೆ, ನೀರು ಹರಿಯುವುದೇ ಇಲ್ಲ. ಅದಕ್ಕೆ ಎತ್ತರವನ್ನು ಮಾತ್ರ ಐದು ಪಟ್ಟು ಮಾಡಿದೆವು. ಆಗ ಒಂದು ರಟ್ಟು ಅಂದರೆ 2 ಮೀಟರ್. ಸುಮಾರು 60 ಮೀಟರ್ ಎತ್ತರದ ನಮ್ಮ ಬೆಟ್ಟಕ್ಕೆ 30 ರಟ್ಟು ಹಿಡಿಯಿತು. ಎಲ್ಲವನ್ನೂ ತುಂಬಿ ಕತ್ತರಿಸಬೇಕಿಲ್ಲ, ಅಂಚಿನ ಬಳೆ ಮಾತ್ರ ಕತ್ತರಿಸಿ ಒಳಗೆ ಮುದುರಿದ ಪೇಪರ್ ತುಂಬಿ, ತೂಕ ಕಮ್ಮಿ ಆಗುತ್ತದೆ. ಬ್ಲೇಡಿನ ಕೆಲಸ ದೊಡ್ಡವರದೇ. ಮಕ್ಕಳು ಗೆರೆ ಎಳೆದರು, ಅಂಟಿಸಿದರು.

"ಸಾರ್, ನಮ್ಮ ಬೆಟ್ಟ ಇಷ್ಟೊಂದು ಚೂಪಿಲ್ಲ" ಅಂದಳು ನಾಲ್ಕನೇ ಕ್ಲಾಸಿನ ಒಬ್ಬಳು. ಅವಳು ದಿನಾ ಆ ಬೆಟ್ಟದ ಬುಡದಲ್ಲಿ ಮೇಕೆ ಮೇಯಿಸುವವಳು. ಅವಳ ಮಾತು ನಿಜ. ಅದಕ್ಕೇ ಹಲಗೆಯ ಅಂಚಿನಲ್ಲಿ ದೊಡ್ಡದಾಗಿ ಬರೆಸಿದ್ದೇವೆ: ಎತ್ತರ ಐದು ಪಟ್ಟು ಜಾಸ್ತಿ ತೋರಿಸಿದೆ. ಉಬ್ಬುನಕ್ಷೆ ಮಾಡುವ ಎಲ್ಲರೂ ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಸುಳ್ಳು ಹೇಳಿದ ಹಾಗೆ.

ರಟ್ಟಿನ ಮೆಟ್ಟಿಲುಗಳ ಮೇಲೆ ಮೆತ್ತಲು ಕಾಗದದ ಹಿಟ್ಟು ಬೇಕಲ್ಲ, ಅದಕ್ಕೆ ಮೊಟ್ಟೆ ಟ್ರೇ. ಶಾಲೆಗೆ ಮಕ್ಕಳಿಗೆ ಕೊಡುವ ಮೊಟ್ಟೆ 30ರ ಟ್ರೇಯಲ್ಲಿ ಬರುತ್ತದೆ, ಖಾಲಿ ಟ್ರೇಗಳು ಅಡುಗೆಮನೆ ಹಿಂದೆ ಬಿದ್ದಿರುತ್ತವೆ. ಒಡೆದ ಮೊಟ್ಟೆಯ ಕಲೆ ಇಲ್ಲದ, ಸ್ವಚ್ಛವಾದವನ್ನೇ ಆರಿಸಿ ಬಿಸಿಲಿಗೆ ಒಣಗಿಸಿದೆವು. ಸುಮಾರು 20 ಟ್ರೇ ಹರಿದು ರಾತ್ರಿಯಿಡೀ ನೆನೆಸಿ, ಮರುದಿನ ಹಿಂಡಿ, ಹಳೆಯ ಒರಳಿನಲ್ಲಿ ಕುಟ್ಟಿದರು. ಅದಕ್ಕೆ ಕಾಲು ಕೆ.ಜಿ. ಮೆಂತ್ಯ ನೆನೆಸಿ ರುಬ್ಬಿದ್ದು, ಅರ್ಧ ಕೆ.ಜಿ. ಫೆವಿಕಾಲ್.

ಮೆಂತ್ಯ ನಮಗೆ ಹೇಳಿಕೊಟ್ಟದ್ದು ಅಡುಗೆ ಮಾಡುವ ಅಮ್ಮ. ಹಿಂದೆ ಮನೆಗಳಲ್ಲಿ ಮೊರ, ಬುಟ್ಟಿಗೆ ಕಾಗದ ಮತ್ತು ಮೆಂತ್ಯ ರುಬ್ಬಿ ಮೆತ್ತುತ್ತಿದ್ದರು, ಸಂದು ಮುಚ್ಚಿ ಗಟ್ಟಿಯಾಗುತ್ತಿತ್ತು. "ಮೈದಾ ಹಾಕಬೇಡಿ ಮೇಷ್ಟ್ರೇ, ಇಲಿ ಬಿಡಲ್ಲ. ಮೆಂತ್ಯ ಹಾಕಿ, ಕಹಿಗೆ ಹುಳ ಬರಲ್ಲ" ಅಂದರು. ಆವತ್ತು ಪಾಠ ಮಾಡಿದ್ದು ಅವರೇ. ಮಕ್ಕಳು ಅವರ ಸುತ್ತ ಕೂತು ಹಿಟ್ಟಿನ ಹದ ಕಲಿತರು: ಉಂಡೆ ಕಟ್ಟಬೇಕು, ಅಂಗೈಗೆ ಅಂಟಬಾರದು.

ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಮೆತ್ತಬೇಡಿ. ಒಳಗೆ ಒದ್ದೆ ಉಳಿದು ಬೂಸ್ಟು ಬರುತ್ತದೆ. ನೇರ ಬಿಸಿಲಿಗೂ ಬೇಡ, ಬಿರುಕು ಬಿಡುತ್ತದೆ. ಜಗಲಿಯ ನೆರಳು, ಗಾಳಿ ಸಾಕು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಕೆರೆ, ತೂಬು, ಸೋರಿಕೆ

ಹಳ್ಳ ಮತ್ತು ಕೆರೆ ಇರುವ ಜಾಗಕ್ಕೆ ಕಾಗದದ ಹಿಟ್ಟು ಸಾಲದು. ಅಲ್ಲಿ ಬಿಳಿ ಸಿಮೆಂಟು, ಜರಡಿ ಹಿಡಿದ ಮರಳು, ನೀರು ಸೋರದ ಹಾಗೆ ತಡೆಯುವ ದ್ರಾವಣ ಬೆರೆಸಿ ತೆಳುವಾಗಿ ಪದರ ಕೊಟ್ಟೆವು. ಇದು ಮೇಸ್ತ್ರಿಯವರು ಕೈಗವಸು ಹಾಕಿಕೊಂಡು ಮಾಡಿದ ಕೆಲಸ, ಸಿಮೆಂಟು ಮಕ್ಕಳ ಚರ್ಮಕ್ಕೆ ಒಳ್ಳೆಯದಲ್ಲ. ನೀರು ಹಾಕಿ ಕ್ಯೂರಿಂಗ್ ಮಾಡಿ, ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ಎನಾಮೆಲ್ ಬಣ್ಣ.

ತೂಬಿಗೆ ಹನಿ ನೀರಾವರಿಯ ಸಣ್ಣ ಮೈಕ್ರೋ ಟ್ಯೂಬ್ ಹಾಕಿದೆವು. ನಮ್ಮ ಕಡೆ ಯಾವ ಹೊಲದಲ್ಲಿ ಕೇಳಿದರೂ ಒಂದು ಗೇಣು ಕೊಡುತ್ತಾರೆ. ಮುಚ್ಚಲು ತೆಂಗಿನ ಕಡ್ಡಿ. ನಿಜವಾದ ತೂಬಿನ ಎರಡು ಕಲ್ಲುಕಂಬ, ಅಡ್ಡಕಲ್ಲು ಇರುತ್ತದಲ್ಲ, ಅದನ್ನು ಸೀಮೆಸುಣ್ಣ ಕೆತ್ತಿ ಮಾಡಿದರು. ಕೋಡಿಯನ್ನು ಏರಿಗಿಂತ ಒಂದು ಸೆಂಟಿಮೀಟರ್ ತಗ್ಗಿಗೆ ಬಿಟ್ಟೆವು.

ನೀರು ತುಂಬಿಸಿದಾಗ ದೊಡ್ಡ ಕೆರೆ ನಿಲ್ಲಲಿಲ್ಲ. ಕೋಡಿವರೆಗೆ ಬರುವ ಮುಂಚೆಯೇ ಏರಿಯ ಹಿಂದೆ ಒದ್ದೆಯಾಗುತ್ತಿತ್ತು. ಆವತ್ತು ನಮ್ಮೂರಿನ ನೀರಗಂಟಿ (ಕೆರೆ ನೀರು ಬಿಟ್ಟು ಹಂಚುವವರು) ತಾತ ನೋಡಲು ಬಂದಿದ್ದರು. ಬಗ್ಗಿ ನೋಡಿದವರೇ ತೂಬಿನ ಪಕ್ಕ ಬೆರಳಿಟ್ಟರು. "ಇಲ್ಲಿ ನೋಡಪ್ಪಾ. ಕೆರೆ ಏರಿನೂ ಮೊದಲು ಸೋರೋದು ತೂಬಿನ ಪಕ್ಕಾನೇ. ಮಳೆಗಾಲದಲ್ಲಿ ನಾವು ರಾತ್ರಿ ಹೊತ್ತು ಬಂದು ನೋಡ್ತಿದ್ದದ್ದೂ ಈ ಜಾಗಾನೇ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಣ್ಣಿನ ಏರಿಯಲ್ಲಿ ಕಲ್ಲಿನ ತೂಬು ಹಾದುಹೋಗುವ ಕಡೆ ಮಣ್ಣಿಗೂ ಕಲ್ಲಿಗೂ ಮಧ್ಯೆ ಸಂದು ಬಿದ್ದು, ಅದರಲ್ಲಿ ನೀರು ದಾರಿ ಮಾಡಿಕೊಂಡು ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಹಲಗೆಯಲ್ಲೂ ಅದೇ, ನುಣ್ಣನೆಯ ಪ್ಲಾಸ್ಟಿಕ್ ಟ್ಯೂಬಿಗೆ ಸಿಮೆಂಟು ಹಿಡಿಯುವುದಿಲ್ಲ.

ರಿಪೇರಿ ಹೀಗೆ: ಟ್ಯೂಬು ಕಿತ್ತು, ಹೊರಮೈಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಹತ್ತಿದಾರ ಬಿಗಿಯಾಗಿ ಸುತ್ತಿ, ಅದರ ಮೇಲೆ ಎಂಸೀಲ್ ಮೆತ್ತಿ, ಎಂಸೀಲ್ ಗಟ್ಟಿಯಾಗುವ ಮುಂಚೆ ಒರಟು ಮರಳು ಉದುರಿಸಿದೆವು. ಮರಳಿಗೆ ಸಿಮೆಂಟು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಹನಿಯೂ ಸೋರಿಲ್ಲ. ಉಳಿದ ಎರಡು ತೂಬುಗಳನ್ನೂ ಸೋರುವ ಮುಂಚೆಯೇ ಹೀಗೇ ಮಾಡಿಬಿಟ್ಟೆವು.

ತಾತ ಮಧ್ಯಾಹ್ನದವರೆಗೆ ಇದ್ದರು. ತೂಬು ಯಾವಾಗ ಎತ್ತುತ್ತಿದ್ದರು, ಅಚ್ಚುಕಟ್ಟಿನಲ್ಲಿ (ಕೆರೆ ನೀರು ಹಾಯುವ ಗದ್ದೆ ಬಯಲಿನಲ್ಲಿ) ಮೊದಲ ನೀರು ಯಾರ ಗದ್ದೆಗೆ, ನೀರು ಕಮ್ಮಿ ಇದ್ದ ವರ್ಷ ಹೇಗೆ ಹಂಚುತ್ತಿದ್ದರು, ಎಲ್ಲ ಹೇಳಿದರು. ಈಗ ಊರಿನವರೆಲ್ಲ ಬೋರ್‌ವೆಲ್ ನಂಬಿದ್ದಾರೆ, ಸಾವಿರ ಅಡಿ ದಾಟಿದರೂ ನೀರು ಸಿಗದ ಜಾಗ ಎಷ್ಟೋ. ನೀರಗಂಟಿಯ ಕೆಲಸ ಹೇಗೆ ಮಾಡಬೇಕು ಅಂತ ಗೊತ್ತಿರುವವರು ನಮ್ಮೂರಲ್ಲಿ ಅವರೊಬ್ಬರೇ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ.

ನಕ್ಷೆಯಲ್ಲಿರುವ, ನೆಲದಲ್ಲಿಲ್ಲದ ಕುಂಟೆ

ಮೇಲಿನ ಕೆರೆಗೂ ದೊಡ್ಡ ಕೆರೆಗೂ ನಡುವೆ ಗ್ರಾಮನಕ್ಷೆಯಲ್ಲಿ ಒಂದು ಕುಂಟೆ ಇದೆ. ಆ ಚೌಕ ಸಿಕ್ಕಿದ್ದ ಹುಡುಗ ಹೋಗಿ ನೋಡಿ ಬಂದು, "ಸಾರ್, ಅಲ್ಲಿ ಕುಂಟೆ ಇಲ್ಲ, ದಾರಿ ಐತೆ, ನೀಲಗಿರಿ ಮರ ಐತೆ" ಅಂದ. ಎಲ್ಲರೂ ಹೋದೆವು. ನೆಲ ಸಮ ಇತ್ತು. ಆದರೆ ಲೆವೆಲ್ ಪೈಪ್ ಹಿಡಿದು ನೋಡಿದರೆ ಸುತ್ತಲಿನದಕ್ಕಿಂತ ಅರ್ಧ ಮೀಟರ್ ತಗ್ಗು. ಅಲ್ಲಿಗೆ ಬರುತ್ತಿದ್ದ ಕಾಲುವೆಯ ಗುರುತು ಪೊದೆಯೊಳಗೆ ಇನ್ನೂ ಇದೆ.

ಇದನ್ನು ಹಲಗೆಯ ಮೇಲೆ ತೋರಿಸಬೇಕಾ ಬೇಡವಾ ಅಂತ ಊರಲ್ಲಿ ಮಾತಾಯಿತು. ಸುಮ್ನೆ ಯಾಕೆ ಹಳೇ ವಿಷಯ ಅಂದವರೂ ಇದ್ದಾರೆ. ಯಾರ ಮೇಲೂ ಬೆರಳು ತೋರಿಸುವುದು ಮಕ್ಕಳ ಕೆಲಸ ಅಲ್ಲ, ಆದರೆ ನಕ್ಷೆಯಲ್ಲಿ ಇದ್ದದ್ದನ್ನು ಮುಚ್ಚಿಡುವುದೂ ಅವರಿಗೆ ಕಲಿಸಬಾರದು ಅಂತ ನಾನು ಹೇಳಿದೆ. ಮಕ್ಕಳು ಅದನ್ನು ತಗ್ಗಾಗಿಯೇ ಬಿಟ್ಟು, ಸುತ್ತ ನೀಲಿ ಚುಕ್ಕೆಗಳ ಗೆರೆ ಹಾಕಿ, ದಾರಿಯನ್ನೂ ಬರೆದಿದ್ದಾರೆ. ಎರಡೂ ಕಾಣುತ್ತದೆ. ಚೊಂಬಿನಿಂದ ನೀರು ಬಿಟ್ಟಾಗ, ಮೇಲಿನ ಕೆರೆ ಕೋಡಿ ಬಿದ್ದ ಮೇಲೆ ಮೊದಲು ನೀರು ನಿಲ್ಲುವುದು ಅಲ್ಲೇ. ಹೋದ ಅಕ್ಟೋಬರಿನ ದೊಡ್ಡ ಮಳೆಯಲ್ಲಿ ಆ ದಾರಿ ಮೇಲೆ ಮೊಣಕಾಲುದ್ದ ನೀರು ಯಾಕೆ ನಿಂತಿತ್ತು ಅಂತ ಮಕ್ಕಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಮನೆಗಳು ಕೊನೆಗೆ

ಈ ಪ್ರಮಾಣದಲ್ಲಿ 30 ಅಡಿ ಮನೆ 5 ಮಿಲಿಮೀಟರೂ ಇಲ್ಲ. ಮುರಿದ ಸೀಮೆಸುಣ್ಣದ ಚೂರು ಸಾಕು, ವಾರ್ನಿಷ್‌ನಲ್ಲಿ ಅದ್ದಿ ಅಂಟಿಸಿದರೆ ನೀರಿಗೆ ಕರಗುವುದಿಲ್ಲ. ಮರಗಳಿಗೆ ತೆಂಗಿನ ನಾರಿನ ಸಣ್ಣ ಉಂಡೆ, ಹಸಿರು ಬಣ್ಣ. ಇಷ್ಟು ಚಿಕ್ಕದರಲ್ಲಿ ನನ್ನ ಮನೆ ಯಾವುದು ಅಂತ ಗೊತ್ತೇ ಆಗುವುದಿಲ್ಲ ಅಂತ ಮಕ್ಕಳಿಗೆ ಬೇಜಾರು. ಉಳಿದಿದ್ದ 2 ಅಡಿ ತುಂಡು ಹಲಗೆ ಈಗ ಕೆಲಸಕ್ಕೆ ಬಂತು. ಅದರ ಮೇಲೆ ಊರೊಳಗಿನ ಬೀದಿಗಳು ಮಾತ್ರ, ಒಂದು ಇಂಚಿಗೆ ಒಂದು ಹಗ್ಗ. ಇದರಲ್ಲಿ ಮನೆ ಹೆಬ್ಬೆರಳ ಗಾತ್ರ ಬರುತ್ತದೆ. ಕೆರೆಮಣ್ಣಿನಲ್ಲಿ ಅವರವರ ಮನೆ ಅವರವರೇ ಮಾಡಿದರು, ಬಾಗಿಲು ಯಾವ ದಿಕ್ಕಿಗೆ, ಹಿತ್ತಲು ಎಷ್ಟು, ನಲ್ಲಿ ಎಲ್ಲಿ ಅಂತ ಅಳೆದುಕೊಂಡು ಬಂದು. ಮನೆ ಇಲ್ಲದೆ ಶೆಡ್ಡಿನಲ್ಲಿರುವ ಕುಟುಂಬಗಳ ಮಕ್ಕಳೂ ಇದ್ದಾರೆ, ಅವರ ಶೆಡ್ಡೂ ಅಷ್ಟೇ ಅಂದವಾಗಿ ಹಲಗೆ ಮೇಲಿದೆ.

ಹಲಗೆ ಮುಂದೆ ಪಾಠ

ಹಲಗೆ ಸಿದ್ಧವಾದ ಮೇಲೆ ಪರಿಸರ ಅಧ್ಯಯನ, ಗಣಿತ ಎರಡನ್ನೂ ಅದರ ಸುತ್ತ ನಿಂತೇ ಮಾಡುತ್ತಿದ್ದೇವೆ. ಒಂದು ಚೌಕ ಹತ್ತು ಎಕರೆ, ಹತ್ತು ಎಕರೆ ಅಂದರೆ 400 ಗುಂಟೆ, ಒಂದು ಸೆಂಟಿಮೀಟರ್ ಮಳೆಗೆ 4 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುತ್ತದೆ. ಹಾಗಾದರೆ ಒಂದು ಚೌಕದ ಮೇಲೆ 80 ಟ್ಯಾಂಕರ್ ನೀರು ಆಕಾಶದಿಂದ ಬೀಳುತ್ತದೆ. ಅಷ್ಟೂ ಕೆರೆಗೆ ಬರುವುದಿಲ್ಲ, ಸುಮಾರು ನೀರು ನೆಲಕ್ಕೆ ಇಂಗುತ್ತದೆ, ಆವಿಯೂ ಆಗುತ್ತದೆ ಅಂತ ನಾನು ಹೇಳಿದರೆ, "ಇಂಗಿದ್ದು ಬೋರಿಗೆ ಬರುತ್ತಾ ಸಾರ್?" ಅಂತ ಮುಂದಿನ ಪ್ರಶ್ನೆ.

ಕೆಳಗಿನ ಕೆರೆಯ ಕೋಡಿ ಹಲಗೆಯ ಅಂಚಿಗೆ ಬಂದು ಬಕೆಟ್ಟಿಗೆ ಬೀಳುತ್ತದೆ. "ಆಮೇಲೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳದ ಮಗುವೇ ಇಲ್ಲ. ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ತೂಗುಹಾಕಿ ದಾರದಿಂದ ಜೋಡಿಸಿದ್ದೇವೆ. ನಮ್ಮ ಕೆರೆಗಳ ಸಾಲು ಪಾಲಾರ್ ಸೇರುವುದು. ಪಾಲಾರಿಗೆ ಅಡ್ಡಲಾಗಿ ಬೇತಮಂಗಲದ ದೊಡ್ಡ ಕೆರೆ, ಕೆಜಿಎಫ್ ಊರಿಗೆ ನೀರು ಹೋಗುತ್ತಿದ್ದದ್ದು ಅಲ್ಲಿಂದ. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ ತಾತ ನಮ್ಮ ಒಬ್ಬ ಹುಡುಗನ ಮನೆಯಲ್ಲಿದ್ದಾರೆ, ಮುಂದಿನ ತಿಂಗಳು ಶಾಲೆಗೆ ಬರುತ್ತಾರೆ. ಬೇತಮಂಗಲ ದಾಟಿದ ಮೇಲೆ ಆಂಧ್ರ, ತಮಿಳುನಾಡು, ಕೊನೆಗೆ ಬಂಗಾಳ ಕೊಲ್ಲಿ. ಜಿಲ್ಲೆಯ ಇನ್ನೊಂದಷ್ಟು ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಪೈಪಿನಲ್ಲಿ ತಂದು ಬಿಡುತ್ತಿದ್ದಾರೆ, ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಅಂತರ್ಜಲ ಏರಲಿ ಅಂತ ತಂದ ನೀರು ಅದು, ಕುಡಿಯಲು ಅಲ್ಲ. ಬೇರೆ ಊರಿಂದ ಬಂದ ನೀರು ಯಾವುದು, ನಮ್ಮ ಬೆಟ್ಟದಿಂದ ಇಳಿದದ್ದು ಯಾವುದು ಅಂತ ಮಕ್ಕಳು ಈಗ ಬೇರೆ ಬೇರೆ ಮಾಡಿ ಕೇಳುತ್ತಾರೆ.

ಕೋಡಿ ಯಾಕೆ ಬೇಕು ಅನ್ನುವುದನ್ನು ಹಲಗೆ ಮೇಲೆ ಮಾಡಬೇಡಿ, ಹಾಳಾಗುತ್ತದೆ. ಅಂಗಳದಲ್ಲಿ ಮಣ್ಣಿನ ಸಣ್ಣ ಏರಿ ಕಟ್ಟಿಸಿ, ಕೋಡಿ ಮುಚ್ಚಿ ನೀರು ಬಿಡಿ. ನೀರು ಏರಿ ಮೇಲೆ ಹತ್ತಿ ಹರಿದದ್ದೇ ತಡ, ಒಂದು ಕಡೆ ಕೊರೆದು ಇಡೀ ಏರಿ ಒಡೆಯುತ್ತದೆ. ನಮ್ಮ ಮಕ್ಕಳು ಮಾರನೇ ದಿನ ದೊಡ್ಡ ಕೆರೆಯ ಕೋಡಿಯಲ್ಲಿ ಬೆಳೆದಿದ್ದ ಗಿಡಗಂಟಿ ಬಗ್ಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದು, 24 ಜನವೂ ಸಹಿ ಹಾಕಿ ಕೊಟ್ಟು ಬಂದರು.

ಇಟ್ಟುಕೊಳ್ಳುವುದು

ನೀರು ಬಿಟ್ಟ ಮೇಲೆ ಮೂರೂ ತೂಬು ಎತ್ತಿ ಖಾಲಿ ಮಾಡಿ, ಹತ್ತಿಬಟ್ಟೆಯಲ್ಲಿ ಒರೆಸಿ, ಗಾಳಿಗೆ ಬಿಡಿ. ನಿಂತ ನೀರಿಗೆ ಸೊಳ್ಳೆ ಬರುತ್ತದೆ, ಹಿಟ್ಟಿನ ಅಂಚೂ ನೆನೆಯುತ್ತದೆ. ಹಲಗೆಯ ಮೇಲೆ ಹಳೇ ಸೀರೆ ಹೊದಿಸಿಡಿ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ಹೊಸ ಐದನೇ ತರಗತಿಯವರು ಬಿರುಕಿಗೆ ಹಿಟ್ಟು ತುಂಬಿ, ಕೆರೆಗಳಿಗೆ ಒಂದು ಕೋಟ್ ಬಣ್ಣ ಹೊಡೆಯಬೇಕು, ಹೊಸ ಮನೆ, ಹೊಸ ಬೋರು, ಕಡಿದ ಮರ ಇದ್ದರೆ ತಿದ್ದಬೇಕು. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಮೂರು ಕೆರೆಗಳಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ತೂಬಿನ ಕಂಬ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ನೀರಾವರಿ ಮಂತ್ರಿಯದು. ಹಗ್ಗ ಮತ್ತು ಲೆವೆಲ್ ಪೈಪ್ ಶಾಲೆಯಲ್ಲೇ ಇದೆ. ಪಕ್ಕದ ಊರಿನ ಶಾಲೆಯವರು ಕೇಳಿದ್ದಾರೆ, ಮೇಲಿನ ಕೆರೆಗೆ ನೀರು ಬರುವುದು ಅವರ ಊರಿನ ಕಡೆಯಿಂದ, ಹಾಗಾಗಿ ಅವರ ಹಲಗೆಯನ್ನೂ ಇದೇ ಪ್ರಮಾಣದಲ್ಲಿ, ಇದೇ ಎತ್ತರದ ಲೆಕ್ಕದಲ್ಲಿ ಕಟ್ಟಿ ಎರಡನ್ನೂ ಒಂದಕ್ಕೊಂದು ಜೋಡಿಸಿ ನೀರು ಬಿಡುವುದು ಅಂತ ಮಾತಾಗಿದೆ.